ಪೆಟ್ಟಿಗೆಯೊಳಗಿನ ಆಟಗಾರನು

ಬಸವೇಶ್ವರನಗರದಲ್ಲಿ ವಾಸವಾಗಿರುವ ವಾಚಕರೊಬ್ಬರು, ಸರ್ಕಾರದ ಸೇವೆಯಿಂದ ನಿವೃತ್ತರಾದವರು, ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗಳು ಕೆಲವು ತಿಂಗಳಿಂದ ಮನೆಯಲ್ಲಿಯೇ ಕುಳಿತು, ರಾತ್ರಿ ಬಹಳ ಹೊತ್ತಿನವರೆಗೆ ಕಂಪ್ಯೂಟರಿನ ಮುಂದೆ ಒಂದು ಕೆಲಸವನ್ನು ಮಾಡುತ್ತಿರುವಳಂತೆ. ರಸ್ತೆಗಳ ಚಿತ್ರಗಳು ಒಂದರ ಹಿಂದೊಂದರಂತೆ ಬರುವುವು. ಇದು ಆಟೋರಿಕ್ಷಾ, ಇದು ದನ, ಇದು ಮಗು ಎಂದು ಆಕೆಯು ಒಂದೊಂದರ ಸುತ್ತಲೂ ಗೆರೆಯೆಳೆದು ಗುರುತಿಸಬೇಕು. ಯಾರಿಗಾಗಿ ಈ ಕೆಲಸವೆಂಬುದು ಆಕೆಗೆ ತಿಳಿಯದು. ಕೂಲಿಯು ಚಿತ್ರಕ್ಕಿಷ್ಟೆಂದು ಬರುವುದು. ತಪ್ಪೆಂದು ತಳ್ಳಿಹಾಕಿದ ಚಿತ್ರಕ್ಕೆ ಕೂಲಿಯೂ ಇಲ್ಲ, ಕಾರಣವನ್ನು ಕೇಳೋಣವೆಂದರೆ ಎದುರಿಗೆ ಮನುಷ್ಯನೂ ಇಲ್ಲ. ಇತ್ತ ಅದೇ ಬೀದಿಯ ನೆರೆಹೊರೆಯವರು ಸಂಜೆಯ ಹೊತ್ತು ಒಟ್ಟುಗೂಡಿ, ಇನ್ನು ಮುಂದೆ ಬುದ್ಧಿಯ ಕೆಲಸವನ್ನೆಲ್ಲ ಯಂತ್ರವೇ ಮಾಡುವುದೆಂದೂ ಮನುಷ್ಯನಿಗೆ ಕೆಲಸವೇ ಉಳಿಯದೆಂದೂ ಮಾತನಾಡಿಕೊಳ್ಳುವರು. ಹಾಗಾದರೆ ತಮ್ಮ ಮಗಳು ರಾತ್ರಿಯೆಲ್ಲ ಮಾಡುತ್ತಿರುವುದೇನೆಂಬುದು ಆ ವಾಚಕರ ಪ್ರಶ್ನೆ.

ಈ ಪ್ರಶ್ನೆಯು ಹೊಸದಲ್ಲ. ಸುಮಾರು ಇನ್ನೂರ ಐವತ್ತು ವರ್ಷಗಳ ಹಿಂದೆ ಯೂರೋಪಿನ ರಾಜಾಸ್ಥಾನಗಳಲ್ಲಿ ಒಂದು ಯಂತ್ರವು ಚದುರಂಗವನ್ನಾಡಿತು. ಆಡಿದಂತೆ ತೋರಿತೆಂದು ಹೇಳುವುದು ಹೆಚ್ಚು ಸರಿ. ಅದರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿರುವುದು. ಆ ಮೋಸವು ಹೇಗೆ ನಡೆಯಿತೆಂಬುದನ್ನು ತಿಳಿದವನು, ಇಂದಿನ ಯಂತ್ರಗಳ ಮುಂದೆ ನಿಂತಾಗ ಏನನ್ನು ಕೇಳಬೇಕೆಂಬುದನ್ನೂ ತಿಳಿದಂತಾಗುವುದು.

ಇಂದು ಬ್ರಾಟಿಸ್ಲಾವಾ ಎಂದು ಕರೆಯಲ್ಪಡುವ ಪ್ರೆಸ್‌ಬುರ್ಗ್ ಪಟ್ಟಣದಲ್ಲಿ 1734ರಲ್ಲಿ ಹುಟ್ಟಿದ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತನು ಆಸ್ಟ್ರಿಯದ ಮಹಾರಾಣಿ ಮರಿಯಾ ತೆರೇಸಾಳ ಸರ್ಕಾರದಲ್ಲಿ ಅಧಿಕಾರಿಯಾಗಿದ್ದನು. 1769ರಲ್ಲಿ ಫ್ರಾನ್ಸಿನಿಂದ ಬಂದ ಗಾರುಡಿಗನೊಬ್ಬನು ಸೂಜಿಗಲ್ಲುಗಳ ಬಲದಿಂದ ಕೆಲವು ಚಮತ್ಕಾರಗಳನ್ನು ಅರಮನೆಯಲ್ಲಿ ತೋರಿಸಿದಾಗ, ಇದಕ್ಕಿಂತ ಮಿಗಿಲಾದುದನ್ನು ತಾನು ಮಾಡಿ ತೋರಿಸುವೆನೆಂದು ಕೆಂಪೆಲೆನ್ನನು ಮಾತು ಕೊಟ್ಟನು. ಮರುವರ್ಷವೇ ತನ್ನ ಯಂತ್ರದೊಡನೆ ಆತನು ಅರಮನೆಗೆ ಬಂದನು. ಆತನು ಹುಟ್ಟು ವಂಚಕನೆಂದು ವಾಚಕರು ಭಾವಿಸಬಾರದು. ಮನುಷ್ಯನ ಧ್ವನಿಯನ್ನು ಅನುಕರಿಸಿ ಮಾತನಾಡುವ ಯಂತ್ರವೊಂದನ್ನು ಆತನು ಬಹುಕಾಲ ಶ್ರಮಪಟ್ಟು ನಿಜವಾಗಿಯೇ ರಚಿಸಿದನು. ಮಾತು ಹುಟ್ಟುವ ಬಗೆಯನ್ನು ಕುರಿತು 1791ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಆದರೆ ಲೋಕವು ಆತನ ನಿಜವನ್ನು ಮರೆತು ಆತನ ಸುಳ್ಳನ್ನು ನೆನಪಿನಲ್ಲಿಟ್ಟುಕೊಂಡಿರುವುದು.

ಆ ಯಂತ್ರವು ಸುಮಾರು ಮೂರೂವರೆ ಅಡಿ ಉದ್ದ, ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಒಂದು ಮರದ ಪೆಟ್ಟಿಗೆ. ಅದರ ಹಿಂದೆ ನಿಲುವಂಗಿಯನ್ನೂ ರುಮಾಲನ್ನೂ ಧರಿಸಿದ ತುರ್ಕಿಯವನ ಬೊಂಬೆ. ಪೆಟ್ಟಿಗೆಯ ಮೇಲೆ ಚದುರಂಗದ ಹಾಸು. ಆಟಕ್ಕೆ ಮುಂಚೆ ಪ್ರದರ್ಶಕನು ಎಡಗಡೆಯ ಬಾಗಿಲನ್ನು ತೆರೆದು, ಗಡಿಯಾರದಲ್ಲಿರುವಂತಹ ಹಲ್ಲುಚಕ್ರಗಳ ಗುಂಪನ್ನು ತೋರಿಸುವನು. ಅದರ ಹಿಂದಿನ ಬಾಗಿಲನ್ನೂ ತೆರೆದು, ಬತ್ತಿಯನ್ನು ಹಿಡಿದು, ಬೆಳಕು ಚಕ್ರಗಳ ನಡುವೆ ಹಾದು ಬರುವುದನ್ನು ಸಭಿಕರು ನೋಡುವಂತೆ ಮಾಡುವನು. ಆ ಮೇಲೆ ಹಿಂದಿನ ಬಾಗಿಲಿಗೆ ಬೀಗ. ಅನಂತರ ಬಲಗಡೆಯ ದೊಡ್ಡ ಅರೆಯ ಬಾಗಿಲುಗಳು. ಎಲ್ಲವನ್ನೂ ಕಂಡೆವೆಂದು ಸಭಿಕರು ತೃಪ್ತರಾಗುವರು. ಆದರೆ ಒಳಗೆ ಜಾರುವ ಆಸನವೊಂದರ ಮೇಲೆ ಒಬ್ಬ ಮನುಷ್ಯನು ಮುದುರಿ ಕುಳಿತಿದ್ದನು. ಒಂದು ಬಾಗಿಲು ತೆರೆಯುವಾಗ ಆತನು ಇತ್ತ ಸರಿಯುವನು. ಮತ್ತೊಂದು ತೆರೆಯುವಾಗ ಅತ್ತ ಸರಿಯುವನು. ಬಾಗಿಲುಗಳನ್ನು ತೆರೆಯುವ ಕ್ರಮವು ಎಂದೂ ತಪ್ಪುತ್ತಿರಲಿಲ್ಲ. ಮುಂದಿನ ಮತ್ತು ಹಿಂದಿನ ಬಾಗಿಲುಗಳೆಲ್ಲವನ್ನೂ ಏಕಕಾಲದಲ್ಲಿ ತೆರೆದಿಟ್ಟು ತೋರಿಸಿದ್ದೂ ಇಲ್ಲ. ಮೋಸದ ಗುಟ್ಟೆಲ್ಲವೂ ಇಷ್ಟರಲ್ಲಿಯೇ ಅಡಗಿದ್ದಿತು.

ಒಳಗಿನ ಮನುಷ್ಯನಿಗೆ ಮೇಲಿನ ಆಟವು ತಿಳಿಯುತ್ತಿದ್ದುದು ಹೇಗೆ? ಕಾಯಿಗಳ ಬುಡದಲ್ಲಿ ಸೂಜಿಗಲ್ಲುಗಳನ್ನಿಟ್ಟಿದ್ದರು. ಹಾಸಿನ ಒಂದೊಂದು ಮನೆಯ ಕೆಳಗೂ ಚಿಕ್ಕ ಕಬ್ಬಿಣದ ತುಣುಕೊಂದನ್ನು ದಾರದಲ್ಲಿ ತೂಗುಬಿಟ್ಟಿದ್ದರು. ಮೇಲೆ ಕಾಯಿಯನ್ನು ಎತ್ತಿದರೆ ಕೆಳಗಿನ ತುಣುಕು ಬೀಳುವುದು, ಇಟ್ಟರೆ ಏಳುವುದು. ಇದನ್ನು ನೋಡಿ ಆತನು ತನ್ನ ಮುಂದಿನ ಸಣ್ಣ ಹಾಸಿನ ಮೇಲೆ ಆಟವನ್ನು ನಡೆಸಿಕೊಂಡು, ಸನ್ನೆಗೋಲಿನ ಮೂಲಕ ಬೊಂಬೆಯ ಎಡಗೈಯನ್ನು ಆಡಿಸುವನು. ಬೆಳಕಿಗೆ ಒಂದು ಬತ್ತಿ. ಅದರ ಹೊಗೆಯು ಬೊಂಬೆಯ ರುಮಾಲಿನ ದಾರಿಯಾಗಿ ಹೊರಕ್ಕೆ ಹೋಗುವುದು. ಆ ವಾಸನೆಯು ಯಾರಿಗೂ ಸಂದೇಹವನ್ನುಂಟುಮಾಡದಂತೆ ಪೆಟ್ಟಿಗೆಯ ಮೇಲೆಯೂ ದೀಪಗಳನ್ನು ಹಚ್ಚಿಡುತ್ತಿದ್ದರು.

ಈ ಪೆಟ್ಟಿಗೆಯು 1783ರಲ್ಲಿ ದೇಶಸಂಚಾರಕ್ಕೆ ಹೊರಟಿತು. ಪ್ಯಾರಿಸಿನಲ್ಲಿ ಆ ಕಾಲದ ಚದುರಂಗ ಪ್ರವೀಣನಾದ ಫಿಲಿಡಾರನು ಅದನ್ನು ಸೋಲಿಸಿದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ಅದರೊಡನೆ ಆಡಿದನು. 1804ರಲ್ಲಿ ಕೆಂಪೆಲೆನ್ನನು ತೀರಿಕೊಂಡ ಬಳಿಕ ಅದು ಯೋಹಾನ್ ಮೇಲ್ಜೆಲ್ ಎಂಬಾತನ ಕೈಸೇರಿತು. ಸಂಗೀತಗಾರರು ಲಯವನ್ನಳೆಯಲು ಉಪಯೋಗಿಸುವ ಮೆಟ್ರೊನೋಮ್ ಯಂತ್ರವನ್ನು ಪ್ರಚಾರಕ್ಕೆ ತಂದವನು ಈತನೇ. 1809ರಲ್ಲಿ ನೆಪೋಲಿಯನ್ ಚಕ್ರವರ್ತಿಯೇ ಆ ಬೊಂಬೆಯ ಎದುರಿಗೆ ಕುಳಿತನು. ಇಂದಿನ ಕಂಪ್ಯೂಟರಿಗೆ ಮೂಲಪುರುಷರಲ್ಲೊಬ್ಬನೆಂದು ಎಣಿಸಲ್ಪಡುವ ಚಾರ್ಲ್ಸ್ ಬ್ಯಾಬೇಜನು 1820ರಲ್ಲಿ ಲಂಡನ್ನಿನಲ್ಲಿ ಅದರೊಡನೆ ಆಡಿ ಸೋತನು. 1826ರಲ್ಲಿ ಅದು ಅಮೆರಿಕಕ್ಕೆ ಹೋಯಿತು. ಕೊನೆಗೆ 1854ರ ಜುಲೈ 5ರಂದು ಫಿಲಡೆಲ್ಫಿಯಾ ಪಟ್ಟಣದ ವಸ್ತುಸಂಗ್ರಹಾಲಯವೊಂದರಲ್ಲಿ ಬೆಂಕಿಗೆ ಆಹುತಿಯಾಯಿತು.

ಇನ್ನು ಒಳಗೆ ಕುಳಿತವರ ವಿಷಯ. ಅವರು ಸಾಮಾನ್ಯ ಆಟಗಾರರಲ್ಲ. ಆಲ್ಗೈಯರ್, ಬೊನ್‌ಕೂರ್, ಅಲೆಕ್ಸಾಂಡ್ರ್, ಲೂಯಿಸ್, ಮೂರೆ, ಶ್ಲುಂಬರ್ಜೆ ಮೊದಲಾದವರು ಆ ಕಾಲದ ಉತ್ತಮ ಚದುರಂಗ ಪಟುಗಳೆಂದು ಚರಿತ್ರಕಾರರು ಎಣಿಸಿರುವರು. ಗೆದ್ದಾಗ ಕೀರ್ತಿಯು ಬೊಂಬೆಯದು, ಹಣವು ಒಡೆಯನದು. ಆಟಗಾರನ ಪಾಲಿಗೆ ಬತ್ತಿಯ ಹೊಗೆ, ಮಡಿಚಿದ ಕಾಲು, ಮತ್ತು ಸಂಬಳ. 1827ರಲ್ಲಿ ಬಾಲ್ಟಿಮೋರ್ ಪಟ್ಟಣದಲ್ಲಿ ಆಟ ಮುಗಿದ ಮೇಲೆ ಶ್ಲುಂಬರ್ಜೆಯು ಪೆಟ್ಟಿಗೆಯಿಂದ ಹೊರಬರುತ್ತಿದ್ದುದನ್ನು ಇಬ್ಬರು ಹುಡುಗರು ಮಾಡಿನ ಮೇಲಿನಿಂದ ಕಂಡುಬಿಟ್ಟರು. ಸುದ್ದಿಯು ಪತ್ರಿಕೆಯಲ್ಲಿಯೂ ಬಂದಿತು. ಆದರೂ ಪ್ರದರ್ಶನವು ನಿಲ್ಲಲಿಲ್ಲ. 1838ರಲ್ಲಿ ಹವಾನಾ ಪಟ್ಟಣದಲ್ಲಿ ಶ್ಲುಂಬರ್ಜೆಯು ಹಳದಿ ಜ್ವರದಿಂದ ಮೃತನಾದನು. ಅದೇ ವರ್ಷ ಮೇಲ್ಜೆಲ್ಲನೂ ಹಡಗಿನಲ್ಲಿ ಪ್ರಾಣಬಿಟ್ಟನು. ಒಳಗಿನವನು ಸತ್ತಮೇಲೆ ಆ ‘ಬುದ್ಧಿವಂತ’ ಬೊಂಬೆಯು ಎಷ್ಟರಮಟ್ಟಿಗೆ ಬುದ್ಧಿವಂತವಾಗಿ ಉಳಿಯಿತೆಂಬುದನ್ನು ನಾವು ಹೇಳಬೇಕಾದುದಿಲ್ಲ.

ಇಷ್ಟು ದೀರ್ಘಕಾಲ ಲೋಕವು ಮೋಸಹೋದುದು ಸಂದೇಹಪಡುವವರು ಯಾರೂ ಇಲ್ಲದುದರಿಂದಲ್ಲ. 1784ರಲ್ಲಿಯೇ ಥಿಕ್‌ನೆಸ್ ಎಂಬ ಇಂಗ್ಲಿಷನು ಒಳಗೆ ಮನುಷ್ಯನಿರುವನೆಂದು ಪುಸ್ತಿಕೆಯನ್ನು ಬರೆದನು. 1821ರಲ್ಲಿ ರಾಬರ್ಟ್ ವಿಲ್ಲಿಸನು ಪೆಟ್ಟಿಗೆಯ ಅಳತೆಯನ್ನು ಲೆಕ್ಕಹಾಕಿ, ಪ್ರಾಯದ ಮನುಷ್ಯನೊಬ್ಬನು ಅದರಲ್ಲಿ ಹಿಡಿಯುವನೆಂದು ಚಿತ್ರಸಹಿತವಾಗಿ ತೋರಿಸಿಕೊಟ್ಟನು. 1836ರಲ್ಲಿ ಎಡ್ಗರ್ ಅಲನ್ ಪೋ ಎಂಬ ಅಮೆರಿಕದ ಸಾಹಿತಿಯು ಅದೇ ಮಾತನ್ನು ತರ್ಕಿಸಿ ಬರೆದನು. ಆದರೆ ನೋಡಬಂದವರಿಗೆ ಬೇಕಾಗಿದ್ದುದು ಸತ್ಯವಲ್ಲ, ಆಶ್ಚರ್ಯ. ದುಡ್ಡು ತೆತ್ತು ಆಶ್ಚರ್ಯವನ್ನು ಕೊಂಡವನು, ಅದು ಸುಳ್ಳೆಂದು ಒಪ್ಪಿದರೆ ತನ್ನ ದುಡ್ಡೂ ವ್ಯರ್ಥವಾಯಿತೆಂದು ಒಪ್ಪಬೇಕಾಗುವುದು. ದೊಡ್ಡವರು ನೋಡಿ ಮೆಚ್ಚಿದ ವಸ್ತುವನ್ನು ಚಿಕ್ಕವರು ಪರೀಕ್ಷಿಸುವುದು ಅವಿನಯವೆಂಬ ಭಾವನೆಯೂ ಆ ಮೋಸಕ್ಕೆ ಕಾವಲಾಗಿ ನಿಂತಿತು. ಸರ್ಕಾರದ ಕಛೇರಿಗಳಲ್ಲಿ ಕುಳಿತಿರುವ ನಮ್ಮ ವಾಚಕರು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಬೊಂಬೆಗೆ ಪೂರ್ವದೇಶದವನ ವೇಷವನ್ನೇಕೆ ಹಾಕಿದರು? ವಿಯೆನ್ನಾದ ವರ್ತಕನ ವೇಷವನ್ನು ಹಾಕಿದ್ದರೆ ಜನರು ಪೆಟ್ಟಿಗೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದರೇನೋ! ಪೂರ್ವದೇಶವೆಂದರೆ ಮಾಯೆ ಮಂತ್ರಗಳ ನಾಡೆಂಬ ಭ್ರಮೆಯು ಅವರ ಕಣ್ಣಿಗೆ ಅರ್ಧ ಪರದೆಯನ್ನು ಮೊದಲೇ ಎಳೆದಿದ್ದಿತು. ಈ ತುರ್ಕಿಯ ಬೊಂಬೆಯ ನಂತರ ಇಂಗ್ಲೆಂಡಿನಲ್ಲಿ ಹುಟ್ಟಿದ ಇಂತಹುದೇ ಇನ್ನೊಂದು ಮೋಸದ ಯಂತ್ರಕ್ಕೂ ‘ಅಜೀಬ್’ ಎಂದೇ ಹೆಸರಿಟ್ಟರು. ಚದುರಂಗವಾದರೋ ನಮ್ಮ ದೇಶದಿಂದ ಅವರಿಗೆ ಹೋದ ಆಟ. ಸುಮಾರು 1130ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಈ ಆಟದ ವರ್ಣನೆಯಿರುವುದು. ಇದರಲ್ಲಿ ಮಾಯೆಯೂ ಇಲ್ಲ, ಮಂತ್ರವೂ ಇಲ್ಲ. ಇರುವುದು ಬುದ್ಧಿ, ಅಭ್ಯಾಸ, ತಾಳ್ಮೆ.

ಇದಕ್ಕೆ ನಮ್ಮ ಮೈಸೂರು ಸೀಮೆಯಲ್ಲಿಯೇ ನಿದರ್ಶನವುಂಟು. ಆ ಬೊಂಬೆಯು ಮಾಡಿ ತೋರಿಸುತ್ತಿದ್ದ ಆಟಗಳಲ್ಲಿ ಕುದುರೆಯ ಸಂಚಾರವೂ ಒಂದು. ಕುದುರೆಯನ್ನು ತನ್ನ ನಡೆಯ ನಿಯಮವನ್ನು ಮೀರದೆ ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸಿ ಮುಗಿಸುವುದು ಇದರ ರೀತಿ. ಸಂಚಾರದ ಕೊನೆಯ ಮನೆಯಿಂದ ಮೊದಲನೆಯ ಮನೆಗೆ ಮತ್ತೆ ಹಾರುವಂತಿದ್ದರೆ ಅದು ಸರಪಣಿಯಂತೆ ಸುತ್ತಿಕೊಳ್ಳುವುದು. ಆಗ ಸಭಿಕರು ಯಾವ ಮನೆಯನ್ನು ತೋರಿಸಿದರೂ ಅಲ್ಲಿಂದಲೇ ಪ್ರಾರಂಭಿಸಬಹುದು. ಬರೆದಿಟ್ಟುಕೊಂಡ ನಕ್ಷೆಯೊಂದಿದ್ದರೆ ಪೆಟ್ಟಿಗೆಯೊಳಗೆ ಕುಳಿತವನಿಗೆ ಇದು ಕಷ್ಟವಲ್ಲ. ಆದರೆ ಮುಮ್ಮಡಿ ಶ್ರೀ ಕೃಷ್ಣರಾಜ ಒಡೆಯರವರು ಇಂತಹ ಸಂಚಾರಗಳನ್ನು ಸ್ವಂತ ಬುದ್ಧಿಯಿಂದ ರಚಿಸಿದರು. ಕುದುರೆಯು ಇಳಿದ ಕ್ರಮದಲ್ಲಿ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಅಂಕೆಗಳನ್ನಿಟ್ಟರೆ, ಒಂದೊಂದು ಅಡ್ಡಸಾಲಿನ ಮೊತ್ತವೂ ಒಂದೊಂದು ಕಂಬಸಾಲಿನ ಮೊತ್ತವೂ 260 ಬರುವಂತಹ ರಚನೆಯೂ ಅವುಗಳಲ್ಲುಂಟು. ಮಹಾರಾಜರು ಅವುಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಡಲಿಲ್ಲ. ಪಟಗಳಲ್ಲಿ ಬರೆಯಿಸಿ, ಬೇಕಾದವರು ಎಣಿಸಿ ನೋಡಲೆಂದು ಲೋಕದ ಮುಂದಿಟ್ಟರು.

ಟೀಪು ಸುಲ್ತಾನನ ಮರದ ಹುಲಿಯನ್ನೂ ಇಲ್ಲಿ ಸ್ಮರಿಸಬಹುದು. ಬಿದ್ದ ಪರಂಗಿಯವನ ಮೇಲೆ ಎರಗಿರುವ ಆ ಹುಲಿಯ ಹೊಟ್ಟೆಯಲ್ಲಿ ತಿದಿಗಳೂ ಕೊಳವೆಗಳೂ ಇರುವುವು. ಪಕ್ಕದ ಹಿಡಿಯನ್ನು ತಿರುವಿದರೆ ಹುಲಿಯು ಗರ್ಜಿಸುವುದು, ಮನುಷ್ಯನು ನರಳಿ ಕೈಯೆತ್ತುವನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದು ಲಂಡನ್ನಿಗೆ ಸಾಗಿತು. ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇರುವುದು. ಅದರ ಅಭಿಪ್ರಾಯವು ಯಾರಿಗೆ ರುಚಿಸಲಿ ಬಿಡಲಿ, ಯಂತ್ರವಾಗಿ ಅದು ಪ್ರಾಮಾಣಿಕವಾದುದು. ಹಿಡಿಯನ್ನು ತಿರುವುವವನು ಹೊರಗೆ, ಎಲ್ಲರ ಕಣ್ಣೆದುರಿಗೆ ನಿಲ್ಲುವನು. ಗರ್ಜನೆಯು ಹುಲಿಯದೇ ಎಂದು ನಂಬಿ ಯಾರೂ ಸುಂಕ ತೆರಬೇಕಾದುದಿಲ್ಲ.

ಹೊರಗೆ ಕಾಣುವ ಮೂರ್ತಿಯೊಂದು, ಒಳಗೆ ನಡೆಸುವ ಕೈಯೊಂದು ಎಂಬ ಅನುಭವವು ನಮ್ಮ ನಾಡಿಗೆ ಚದುರಂಗದಿಂದಲೇ ಬಂದುದಲ್ಲ. ಅದೇ ಕೃಷ್ಣರಾಜ ಒಡೆಯರವರನ್ನು ಐದು ವರ್ಷದ ಬಾಲಕರಾಗಿದ್ದಾಗ 1799ರಲ್ಲಿ ಪಟ್ಟದ ಮೇಲೆ ಕೂರಿಸಿದ ಕಂಪೆನಿಯವರು, 1831ರಲ್ಲಿ ಆಡಳಿತವನ್ನು ತಾವೇ ವಹಿಸಿಕೊಂಡರು. ಸಿಂಹಾಸನವು ಮಹಾರಾಜರದು, ಆಳ್ವಿಕೆಯು ಕಮಿಷನರುಗಳದು. 1881ರವರೆಗೂ ಹೀಗೆಯೇ ನಡೆಯಿತು. ಕಾಣುವ ಹೆಸರು ಯಾರದು, ನಡೆಸುವ ಕೈ ಯಾರದು, ಫಲ ಯಾರಿಗೆ ಎಂದು ಕೇಳುವುದನ್ನು ಕಲಿತೇ ನಮ್ಮ ಹಿರಿಯರು ಸ್ವರಾಜ್ಯಕ್ಕೆ ಹೊರಟರು. ಆ ಪ್ರಶ್ನೆಯನ್ನು ಯಂತ್ರದ ಮುಂದೆಯೂ ಕೇಳಬೇಕೆಂಬುದೇ ನಮ್ಮ ವಾದ.

ಅದು ಆಟವಷ್ಟೆ, ಅದರಿಂದ ಯಾರಿಗೇನು ನಷ್ಟವೆಂದು ಕೆಲವರು ಹೇಳಬಹುದು. ನಷ್ಟವನ್ನು ಕೇಳಿರಿ. 1784ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಎಂಬ ಇಂಗ್ಲೆಂಡಿನ ಪಾದ್ರಿಯು ಮ್ಯಾಂಚೆಸ್ಟರಿನ ಕೆಲವರೊಡನೆ ಮಾತನಾಡುತ್ತಿದ್ದಾಗ, ನೂಲುವ ಯಂತ್ರವು ಬಂದರೂ ನೇಯುವ ಯಂತ್ರವು ಅಸಾಧ್ಯವೆಂದು ಅವರು ಹೇಳಿದರು. ಚದುರಂಗವನ್ನಾಡುವ ಯಂತ್ರವನ್ನೇ ಲಂಡನ್ನಿನಲ್ಲಿ ತೋರಿಸಿರುವಾಗ ನೇಯುವ ಯಂತ್ರವೇನು ಮಹಾ ಎಂದು ಆತನು ಉತ್ತರಕೊಟ್ಟನು. ಮರುವರ್ಷ, 1785ರಲ್ಲಿ, ಯಂತ್ರಮಗ್ಗಕ್ಕೆ ಹಕ್ಕುಪತ್ರವನ್ನೂ ಪಡೆದನು. ಸುಳ್ಳು ಯಂತ್ರವೊಂದು ನಿಜವಾದ ಯಂತ್ರಕ್ಕೆ ಪ್ರೇರಣೆಯಾಯಿತು. ಆ ಮಗ್ಗಗಳು ಸುಧಾರಣೆ ಹೊಂದಿ ನೇಯ್ದ ಬಟ್ಟೆಯು ಹಡಗು ಹಡಗಾಗಿ ಬಂದು ನಮ್ಮ ನೇಕಾರರ ಅನ್ನಕ್ಕೆ ಕೈಯಿಟ್ಟ ಕಥೆಯು ವಾಚಕರಿಗೆ ತಿಳಿದುದೇ ಆಗಿದೆ. 1800ರಲ್ಲಿ ಬುಕಾನನ್ನನು ಬೆಂಗಳೂರು ಪೇಟೆಗೆ ಬಂದಾಗ ಕಂಡು ವರ್ಣಿಸಿದ ದೇವಾಂಗ, ಪಟ್ಟೆಗಾರ ಮೊದಲಾದ ನೇಕಾರರ ಮಕ್ಕಳು ಮೊಮ್ಮಕ್ಕಳು ಆ ಪೈಪೋಟಿಯನ್ನು ಎದುರಿಸಬೇಕಾಯಿತು.

ಯಂತ್ರಮಗ್ಗವು ಕೊನೆಗೆ ನಮ್ಮ ಊರಿನ ಪಶ್ಚಿಮಕ್ಕೂ ಬಂದಿತು. 1884ರಲ್ಲಿ ಸ್ಥಾಪಿತವಾಗಿ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿಯ ಸುತ್ತಲೂ ಬಿನ್ನಿಪೇಟೆಯು ಬೆಳೆಯಿತು. ಮಾಗಡಿ ರಸ್ತೆಯ ಸುತ್ತುಮುತ್ತಲಿನ ಎಷ್ಟೋ ಸಂಸಾರಗಳು ಅದರ ಕೊಂಬಿನ ಕೂಗಿಗೆ ಎದ್ದು ಮಲಗಿದವು. ಗಿರಣಿಯು ಕಠಿನವಾದ ಯಜಮಾನನಾಗಿದ್ದಿರಬಹುದು. ಆದರೆ ಒಳಗೆ ಕೆಲಸಗಾರರಿರುವರೆಂಬುದನ್ನು ಅದು ಬಚ್ಚಿಡಲಾರದಾಗಿದ್ದಿತು. ಪಾಳಿ ಬಿಟ್ಟಾಗ ಸಾವಿರಾರು ಮಂದಿ ಬಾಗಿಲಿನಿಂದ ಹೊರಬರುವುದನ್ನು ಊರೇ ನೋಡುತ್ತಿದ್ದಿತು. ಒಬ್ಬರನ್ನೊಬ್ಬರು ಕಂಡುದರಿಂದಲೇ ಅವರು ಸಂಘ ಕಟ್ಟಿದರು, ಹಕ್ಕು ಕೇಳಿದರು. ಇಂದು ಆ ಗಿರಣಿಯಿಲ್ಲ; ಆ ನೆಲದಲ್ಲಿ ಎತ್ತರದ ವಸತಿ ಗೃಹಗಳೆದ್ದಿವೆ. ನಮ್ಮ ವಾಚಕರ ಮಗಳ ಗಿರಣಿಗೆ ಬಾಗಿಲೇ ಇಲ್ಲ. ಆಕೆಯಂತೆಯೇ ಕೆಲಸಮಾಡುವ ಮತ್ತೊಬ್ಬಾಕೆಯು ವಿಜಯನಗರದಲ್ಲಿರಬಹುದು, ಕೆಂಗೇರಿಯಲ್ಲಿರಬಹುದು. ಒಬ್ಬರ ಮುಖವನ್ನೊಬ್ಬರು ಕಂಡಿಲ್ಲ.

ಈ ಕೆಲಸಕ್ಕೆ ಇಟ್ಟ ಹೆಸರುಗಳಲ್ಲೊಂದನ್ನು ಕೇಳಿದರೆ ವಾಚಕರು ಚಕಿತರಾಗುವರು. ಅಮೆರಿಕದ ಅಮೆಜಾನ್ ಕಂಪೆನಿಯು, ಯಂತ್ರಕ್ಕೆ ಸಾಧ್ಯವಾಗದ ಸಣ್ಣಪುಟ್ಟ ಬುದ್ಧಿಯ ಕೆಲಸಗಳನ್ನು ಲೋಕದ ನಾನಾ ಕಡೆಯ ಜನರಿಂದ ಮಾಡಿಸಲು 2005ರಲ್ಲಿ ತೆರೆದ ವ್ಯವಸ್ಥೆಗೆ ‘ಮೆಕ್ಯಾನಿಕಲ್ ಟರ್ಕ್’, ಎಂದರೆ ಯಾಂತ್ರಿಕ ತುರ್ಕ, ಎಂಬ ಆ ಹಳೆಯ ಬೊಂಬೆಯ ಹೆಸರನ್ನೇ ಇಟ್ಟಿತು. ಅದರಲ್ಲಿ ದುಡಿದವರು ಹೆಚ್ಚಾಗಿ ಅಮೆರಿಕದವರು ಮತ್ತು ಭಾರತೀಯರು. ಹಣ ಕಟ್ಟುವ ಗುಮಾಸ್ತನೇ ಇಲ್ಲದ ಅಂಗಡಿಗಳೆಂದು ಅದೇ ಕಂಪೆನಿಯು ಹೊಗಳಿಕೊಂಡ ಅಂಗಡಿಗಳ ಹಿಂದೆ, ಭಾರತದಲ್ಲಿ ಕುಳಿತ ಸುಮಾರು ಸಾವಿರ ಮಂದಿ ಗಿರಾಕಿಗಳ ಖರೀದಿಯನ್ನು ಪರಿಶೀಲಿಸುತ್ತಿದ್ದರೆಂದು 2024ರಲ್ಲಿ ವರದಿಗಳು ಬಂದವು. ಆ ಜನರು ಮುಖ್ಯವಾಗಿ ಯಂತ್ರಕ್ಕೆ ಕಲಿಸುವವರು, ಖರೀದಿಯ ಪರಿಶೀಲನೆಯು ಸ್ವಲ್ಪವೇ ಎಂದು ಕಂಪೆನಿಯು ಉತ್ತರಕೊಟ್ಟಿತು. ಆ ಉತ್ತರವನ್ನೇ ನಾವು ಒಪ್ಪೋಣ. ಕಲಿಸುವವನಿಗೆ ನಮ್ಮ ನಾಡಿನಲ್ಲಿ ಗುರುವೆಂದು ಹೆಸರು. ಈ ಗುರುಗಳ ಹೆಸರು ಯಾವ ಫಲಕದ ಮೇಲಿದೆ?

ನಾವು ಯಂತ್ರದ್ವೇಷಿಗಳಲ್ಲ. ಚದುರಂಗವನ್ನಾಡುವ ಯಂತ್ರವು ಸುಳ್ಳಾಗಿಯೇ ಉಳಿಯಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಸ್ಪೇನಿನ ತೋರೆಸ್ ಕೆವೆದೊ ಎಂಬ ಎಂಜಿನಿಯರನು, ರಾಜ ಮತ್ತು ಆನೆಯಿಂದ ಒಂಟಿ ರಾಜನನ್ನು ಕಟ್ಟಿಹಾಕುವ ನಿಜವಾದ ಯಂತ್ರವನ್ನು 1914ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದನು; ಅದರೊಳಗೆ ಯಾರೂ ಇರಲಿಲ್ಲ. 1997ರಲ್ಲಿ ಐ.ಬಿ.ಎಂ. ಕಂಪೆನಿಯ ಡೀಪ್ ಬ್ಲೂ ಎಂಬ ಯಂತ್ರವು ಅಂದಿನ ಜಗಜ್ಜೆಟ್ಟಿ ಕಾಸ್ಪರೋವನನ್ನು ಗೆದ್ದಿತು. ಇಂದು ರಾಜಾಜಿನಗರದ ಹುಡುಗನ ಜೇಬಿನಲ್ಲಿರುವ ಫೋನೂ ಪ್ರವೀಣರನ್ನು ಸೋಲಿಸುವಷ್ಟು ಚೆನ್ನಾಗಿ ಆಡಬಲ್ಲುದು. ಹೀಗಿರುವುದರಿಂದ ಇಂದಿನ ಕೃತಕ ಬುದ್ಧಿಯೆಲ್ಲವೂ ಪೆಟ್ಟಿಗೆಯೊಳಗಿನ ಮೋಸವೆಂದು ಹೇಳಿದರೆ ಅದು ಅಜ್ಞಾನವಾದೀತು. ಆದರೆ ಎಲ್ಲವೂ ಯಂತ್ರವೇ ಎಂದು ನಂಬುವುದೂ ಅಷ್ಟೇ ಅಜ್ಞಾನ. ಹಳೆಯ ಪೆಟ್ಟಿಗೆಯಲ್ಲಿ ಮನುಷ್ಯನು ಯಂತ್ರದ ವೇಷವನ್ನು ಧರಿಸಿದ್ದನು. ಈಗಿನದರಲ್ಲಿ ಅನೇಕರ ದುಡಿಮೆಯು ಯಂತ್ರದೊಡನೆ ಬೆರೆತುಹೋಗಿ, ಹೆಸರೆಲ್ಲ ಯಂತ್ರಕ್ಕೇ ಹೋಗುತ್ತಿರುವುದು. ಹಾಲಿನಲ್ಲಿ ನೀರೆಷ್ಟೆಂದು ಕೇಳುವವನು ಹಾಲಿನ ಶತ್ರುವಲ್ಲ.

ಮುಚ್ಚಿಡದೆಯೂ ಈ ಕೆಲಸವನ್ನು ನಡೆಸಬಹುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಉದಾಹರಣೆಯಿದೆ. ಇಲ್ಲಿ 2021ರಲ್ಲಿ ಪ್ರಾರಂಭವಾದ ‘ಕಾರ್ಯ’ ಎಂಬ ಸಂಸ್ಥೆಯು, ಯಂತ್ರಗಳಿಗೆ ಭಾಷೆಯನ್ನು ಕಲಿಸಲು ಕನ್ನಡವನ್ನಾಡುವ ಹಳ್ಳಿಗರ ಧ್ವನಿಯನ್ನು ಸಂಗ್ರಹಿಸುವಾಗ ಗಂಟೆಗೆ ಸುಮಾರು ಐದು ಡಾಲರುಗಳಂತೆ ಪ್ರತಿಫಲವನ್ನು ಕೊಡುವ ಪದ್ಧತಿಯನ್ನಿಟ್ಟುಕೊಂಡಿತು. ಹಳ್ಳಿಯ ಹೆಣ್ಣುಮಗಳ ಮಾತಿಗೂ ಬೆಲೆಯುಂಟೆಂದು ಇದು ತೋರಿಸಿಕೊಟ್ಟಿತು. ಕನ್ನಡವನ್ನಾಡುವ ಯಂತ್ರವು ಬರಲೆಂದು ಹಾರೈಸುವವರಲ್ಲಿ ನಾವೂ ಸೇರಿದವರು. ಆದರೆ ಅದು ಆಡುವ ಒಂದೊಂದು ಮಾತೂ 그 ಯಂತ್ರದ ಸ್ವಂತ ಆಸ್ತಿಯಲ್ಲ, ಕನ್ನಡಿಗರ ಬಾಯಿಂದ ಪಡೆದ ಸಾಲವೆಂಬುದನ್ನು ಮರೆಯಬಾರದು.

ಈಗ ಮಾಡಬೇಕಾದುದೇನು? ಸರ್ಕಾರದ ಇಲಾಖೆಗಳೂ ನಗರಾಡಳಿತದವರೂ ಕೃತಕ ಬುದ್ಧಿಯ ಯಂತ್ರಗಳನ್ನು ಕೊಳ್ಳುವಾಗ, ಕೆಲಸದ ಯಾವ ಭಾಗವನ್ನು ಯಂತ್ರವು ಮಾಡುವುದು, ಯಾವ ಭಾಗವನ್ನು ಮನುಷ್ಯರು ಮಾಡುವರು, ಆ ಮನುಷ್ಯರು ಎಷ್ಟು ಮಂದಿ, ಎಲ್ಲಿರುವರು, ಅವರಿಗೆ ಸಲ್ಲುವ ಕೂಲಿಯೆಷ್ಟು ಎಂಬುದನ್ನು ಮಾರುವವರಿಂದ ಬರವಣಿಗೆಯಲ್ಲಿ ಪಡೆಯಬೇಕು. ಇದನ್ನು ಟೆಂಡರಿನ ಷರತ್ತುಗಳಲ್ಲಿಯೇ ಸೇರಿಸಬೇಕು. ಪ್ರದರ್ಶನವನ್ನು ನೋಡಿ ಮೆಚ್ಚುವುದು ಪರೀಕ್ಷೆಯಲ್ಲ. ಬಾಗಿಲು ತೆರೆಯುವ ಕ್ರಮವನ್ನು ಗೊತ್ತುಮಾಡಬೇಕಾದವನು ಕೊಳ್ಳುವವನೇ ಹೊರತು ಮಾರುವವನಲ್ಲ. ಮುಂದಿನ ಬಾಗಿಲನ್ನೂ ಹಿಂದಿನ ಬಾಗಿಲನ್ನೂ ಒಟ್ಟಿಗೆ ತೆರೆಯೆಂದು ಹೇಳುವ ಧೈರ್ಯವು ಅಧಿಕಾರಿಗಳಿಗಿರಬೇಕು. ಪ್ರಜೆಗಳ ತೆರಿಗೆಯ ಹಣವು ಆ ಧೈರ್ಯವನ್ನು ಅಪೇಕ್ಷಿಸುವುದು.

ಎರಡನೆಯದಾಗಿ, ಒಳಗೆ ದುಡಿಯುವವರ ವಿಷಯ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ 2025ರಲ್ಲಿ ನಮ್ಮ ರಾಜ್ಯದ ಶಾಸನಸಭೆಯು ಒಂದು ಕಾಯಿದೆಯನ್ನು ಅಂಗೀಕರಿಸಿತು. ಕೆಲಸಗಾರನ ಮೇಲೆ ಯಂತ್ರವು ಕೈಗೊಳ್ಳುವ ತೀರ್ಮಾನಗಳ ವಿಷಯವನ್ನು ಆತನಿಗೆ ತಿಳಿಸಬೇಕೆಂಬ ತತ್ತ್ವವು ಅದರಲ್ಲಿರುವುದು ಸ್ತುತ್ಯವಾದುದು. ಬೀದಿಯಲ್ಲಿ ಊಟದ ಪೊಟ್ಟಣವನ್ನು ಹೊತ್ತು ಓಡುವ ಹುಡುಗನು ಕಣ್ಣಿಗೆ ಬೀಳುವುದರಿಂದ ಆತನ ಕಷ್ಟವು ಶಾಸಕರಿಗೂ ಕಂಡಿತು. ಮನೆಯೊಳಗೆ ಕುಳಿತು ಚಿತ್ರಗಳಿಗೆ ಗೆರೆಯೆಳೆಯುವವರು ಯಾರ ಕಣ್ಣಿಗೂ ಬೀಳರು. ಇಂತಹವರೂ ಆ ಕಾಯಿದೆಯ ನೆರಳಿಗೆ ಬರುವರೆಂಬುದನ್ನು ಸರ್ಕಾರದವರು ಸ್ಪಷ್ಟಪಡಿಸಬೇಕು. ಯಾರಿಗಾಗಿ ದುಡಿಯುತ್ತಿರುವೆವೆಂಬುದನ್ನು ತಿಳಿಯುವ ಹಕ್ಕು, ತಳ್ಳಿಹಾಕಿದ ಕೆಲಸಕ್ಕೆ ಕಾರಣವನ್ನು ಪಡೆಯುವ ಹಕ್ಕು, ಮನುಷ್ಯನೊಬ್ಬನ ಮುಂದೆ ದೂರು ಹೇಳಿಕೊಳ್ಳುವ ಹಕ್ಕು, ಈ ಮೂರಕ್ಕಿಂತ ಕಡಮೆಯಾದುದು ನ್ಯಾಯವೆನಿಸಲಾರದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿರುವರು. ವಿಯೆನ್ನಾದ ಅರಮನೆಯಲ್ಲಿ ಕುಳಿತವರು ಪ್ರತ್ಯಕ್ಷವಾಗಿ ಕಂಡರು, ಪ್ರಮಾಣಿಸಿ ನೋಡಲಿಲ್ಲ. ನಾವು ಅದೇ ತಪ್ಪನ್ನು ಮಾಡಿದರೆ ನಷ್ಟವು ಒಂದು ಆಟದ ಸೋಲಿನಷ್ಟಕ್ಕೆ ಮುಗಿಯದು. ನಮ್ಮ ಮಕ್ಕಳ ದುಡಿಮೆಯೇ ಹೆಸರಿಲ್ಲದೆ ಹೋಗುವುದು. ಬಸವೇಶ್ವರನಗರದ ನಮ್ಮ ವಾಚಕರಿಗೆ ನಾವು ಕೊಡಬಹುದಾದ ಉತ್ತರವಿಷ್ಟೆ: ತಮ್ಮ ಮಗಳು ಮಾಡುತ್ತಿರುವುದು, ಲೋಕವು ಯಂತ್ರದ್ದೆಂದು ಹೊಗಳುತ್ತಿರುವ ಬುದ್ಧಿಯ ಕೆಲಸದಲ್ಲಿ ಒಂದು ಪಾಲು. ಸಂಜೆ ಸೇರುವ ನೆರೆಹೊರೆಯವರಿಗೆ ಇದನ್ನು ಸಂಕೋಚವಿಲ್ಲದೆ ತಿಳಿಸಿರಿ. ಬಾಗಿಲು ತೆರೆಯುವುದು ಅಲ್ಲಿಂದಲೇ ಪ್ರಾರಂಭವಾಗಲಿ.